ಶುಗರ್ ಇಲ್ಲದವರಿಗೂ ಆಸ್ಪತ್ರೆಗೆ ಸೇರಿದ ಮೇಲೆ ಶುಗರ್ ಏರುವುದು ಯಾಕೆ?

ಇದು ಸಾಮಾನ್ಯ, ಗಾಬರಿ ಬೇಡ. ಆದರೆ ಕಡೆಗಣಿಸುವಂಥದ್ದೂ ಅಲ್ಲ.

ಜೋರು ಸೋಂಕು, ಆಪರೇಷನ್, ಹೃದಯಾಘಾತದಂಥ ಹೊತ್ತಿನಲ್ಲಿ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ. ಆಗ ಲಿವರ್ ರಕ್ತಕ್ಕೆ ಹೆಚ್ಚು ಗ್ಲೂಕೋಸ್ ಸುರಿಯುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರೋಗಿ ಏನೂ ತಿನ್ನದಿದ್ದರೂ ಶುಗರ್ ಏರುವುದು ಇದಕ್ಕೇ. ಸ್ಟಿರಾಯ್ಡ್ ಕೊಡುತ್ತಿದ್ದರಂತೂ ಇನ್ನೂ ಜಾಸ್ತಿ, ಅದರಲ್ಲೂ ಮಧ್ಯಾಹ್ನದ ನಂತರ.

ಆಸ್ಪತ್ರೆಯಲ್ಲಿ 140 ಮಿ.ಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ. ಮತ್ತೆ ಮತ್ತೆ 180 ದಾಟಿದರೆ ಸಾಮಾನ್ಯವಾಗಿ ಇನ್ಸುಲಿನ್ ಶುರು ಮಾಡುತ್ತಾರೆ. ಶುಗರ್ ಹೆಚ್ಚೇ ಉಳಿದರೆ ಸೋಂಕು ತಗಲುವ ಅಪಾಯ ಹೆಚ್ಚು, ಗಾಯ ಮಾಯುವುದೂ ತಡ.

‘ಹಾಗಾದ್ರೆ ಪೂರ್ತಿ ನಾರ್ಮಲ್‌ಗೆ ಯಾಕೆ ತರಲ್ಲ?’ ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನದಲ್ಲಿ ಐಸಿಯು ರೋಗಿಗಳ ಶುಗರನ್ನು 81ರಿಂದ 108ರೊಳಗೆ ಬಿಗಿಯಾಗಿ ಹಿಡಿದಾಗ ಸಾವು ಹೆಚ್ಚಾಯಿತು. ಶುಗರ್ ತೀರಾ ಇಳಿದ ಘಟನೆಗಳೂ ಹೆಚ್ಚಾದವು. ಅದಕ್ಕೇ ಈಗ ಐಸಿಯುನಲ್ಲಿ ಹೆಚ್ಚಿನವರಿಗೆ 140ರಿಂದ 180ರ ಗುರಿ. 160 ಬಂತೆಂದು ನರ್ಸ್ ಜೊತೆ ಜಗಳ ಬೇಡ.

ಇನ್ಸುಲಿನ್ ಕೊಟ್ಟರೆ ಜೀವನಪರ್ಯಂತ ಬೇಕಾಗುತ್ತದೆ ಎಂಬ ಭಯವೂ ಬೇಡ. ಎಷ್ಟೋ ಜನರಿಗೆ ಕಾಯಿಲೆ ಇಳಿದಂತೆ ಶುಗರ್ ಕೂಡ ಇಳಿಯುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಲು ಹೇಳಿ. ಅದು ಹಿಂದಿನ 2-3 ತಿಂಗಳ ಲೆಕ್ಕ ಕೊಡುತ್ತದೆ. ಅದು ಶೇ 6.5 ಅಥವಾ ಜಾಸ್ತಿ ಇದ್ದರೆ ಮೊದಲೇ ಗೊತ್ತಾಗದಂತೆ ಮಧುಮೇಹ ಇದ್ದಿರಬಹುದು. ಇತ್ತೀಚೆಗೆ ರೋಗಿಗೆ ರಕ್ತ ಏರಿಸಿದ್ದರೆ ಮಾತ್ರ ಆ ಅಂಕಿಯನ್ನು ನಂಬುವಂತಿಲ್ಲ. ಕಡಿಮೆ ಬಂದರೂ ಮನೆಗೆ ಹೋದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಇಂಥವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.