ಶುಗರ್ ಬಾರ್ಡರ್‌ನಲ್ಲಿದೆ, ಕಾಳು ತಿಂದರೆ ಗ್ಯಾಸ್: ಯಾವ ಪ್ರೊಬಯಾಟಿಕ್ ತಗೊಳ್ಳಲಿ?

ಶುಗರ್ ಬಾರ್ಡರ್, ಕಾಳು ತಿಂದರೆ ಹೊಟ್ಟೆ ಉಬ್ಬರ, ಕರುಳಿನ ಬ್ಯಾಕ್ಟೀರಿಯಾ ಸರಿ ಮಾಡೋ ಪ್ರೊಬಯಾಟಿಕ್, ಅಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಯಾವುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು ಮೆಡಿಕಲ್ ಶಾಪ್‌ನಲ್ಲಿ ನಿಂತು ಕೇಳಿದ್ದೆ. ಕೊಂಡೂ ತಂದೆ, ತಪ್ಪದೆ ನುಂಗಿದೆ.

ನಮ್ಮದು ಶಿಡ್ಲಘಟ್ಟ. ರೇಷ್ಮೆ ನೂಲು ತೆಗೆಯುವ ಕಡೆ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ ಬಂದರೆ ಆಮೇಲೆ ಸಂಜೆವರೆಗೂ ಕುರ್ಚಿಯೇ. ಒಮ್ಮೆ ಪರೀಕ್ಷೆಗೆ ರಕ್ತ ಕೊಟ್ಟಾಗ ಮೂರು ತಿಂಗಳ ಸರಾಸರಿ ಶುಗರ್ (HbA1c) 6.1 ಬಂತು. 5.7ರಿಂದ 6.4ರವರೆಗೆ ಬಾರ್ಡರ್, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಕೊಡಲಿಲ್ಲ. ಅನ್ನ ಕಡಿಮೆ ಮಾಡಿ, ಕಾಳು ಸೊಪ್ಪು ಜಾಸ್ತಿ ತಿನ್ನಿ, ನಡೀರಿ ಅಂದರು.

ಅವರೆಕಾಯಿ ಕಾಲ ಬೇರೆ. ಒಂದೇ ಸಲಕ್ಕೆ ಶುರು ಮಾಡಿಬಿಟ್ಟೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹುರುಳಿ ಬಸ್ಸಾರು, ರಾತ್ರಿ ಮತ್ತೆ ಕಾಳು ಸಾರು. ಹೊಟ್ಟೆ ಉಬ್ಬಿ ರಾತ್ರಿ ನಿದ್ದೆ ಇಲ್ಲ. ಕಾಳು ವಾಯು, ನಿಮ್ಮ ಕರುಳು ಕೆಟ್ಟಿದೆ ಅಂತ ಪರಿಚಯದವರೊಬ್ಬರು ಹೇಳಿದರು. ನಂಬಿದೆ. ಮೊದಲು ಕಾಳು ಬಿಟ್ಟೆ. ಆಮೇಲೆ ಸೊಪ್ಪು, ಕೊನೆಗೆ ಮುದ್ದೆಯೂ ಭಾರ ಅಂತ ಬಿಟ್ಟೆ. ಉಳಿದದ್ದು ಇಡ್ಲಿ, ಬ್ರೆಡ್ಡು, ಅನ್ನ ತಿಳಿಸಾರು, ಜೊತೆಗೆ ಕ್ಯಾಪ್ಸೂಲ್. ಗ್ಯಾಸ್ ನಿಂತೇಹೋಯಿತು. ಕರುಳು ವಾಸಿಯಾಯಿತು ಅಂದುಕೊಂಡು ನೆಮ್ಮದಿಯಾಗಿದ್ದೆ. ಮುಂದಿನ ಸಲ ರಕ್ತ ಕೊಟ್ಟಾಗ 7.2.

ನನ್ನ ತಪ್ಪು ಎಲ್ಲಿತ್ತು ಅಂತ ನಿಮಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ. ಗ್ಯಾಸ್ ಬಂದರೆ ಕಾಯಿಲೆ, ನಿಂತರೆ ಗುಣ ಅಂತ ನಾನು ಓದಿಕೊಂಡೆ. ಅದು ತಲೆಕೆಳಗಾದ ಓದು. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಕೆಲವು ಸಕ್ಕರೆಗಳಿವೆ. ಇವನ್ನು ಅರಗಿಸೋ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಇವೂ, ನಾರೂ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ತಿಂದು ಹುಳಿ ಹಿಡಿಸುತ್ತವೆ. ಆಗ ಗ್ಯಾಸ್ ಹುಟ್ಟುತ್ತದೆ, ಜೊತೆಗೆ ಬ್ಯುಟಿರೇಟ್, ಪ್ರೊಪಿಯೊನೇಟ್, ಅಸಿಟೇಟ್ ಅನ್ನುವ ಸಣ್ಣ ಆಮ್ಲಗಳೂ ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರವೇ ಈ ಬ್ಯುಟಿರೇಟ್. ಆ ಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ, ಹೊಸವು ಬರುತ್ತಲೇ ಇರಬೇಕು. ಬ್ಯಾಕ್ಟೀರಿಯಾಗಳ ಊಟವನ್ನೂ, ಅದರಿಂದ ಆ ಕೋಶಗಳ ಊಟವನ್ನೂ ನಾನು ನಿಲ್ಲಿಸಿದ್ದೆ. ಗ್ಯಾಸ್ ನಿಂತದ್ದು ಅದಕ್ಕೆ.

ನಾರು ಬರದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಲೋಳೆ ಪದರವನ್ನೇ ತಿನ್ನತೊಡಗುತ್ತವೆ. ಇದನ್ನು 2016ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಆ ಪದರ ತೆಳುವಾದರೆ ಬ್ಯಾಕ್ಟೀರಿಯಾದ ಚೂರುಪಾರು ರಕ್ತಕ್ಕೆ ಸೇರಿ ಮೈಯಲ್ಲಿ ಸಣ್ಣ ಉರಿಯೂತ ಉಳಿಯಬಹುದು. ಉರಿಯೂತ ಇದ್ದಲ್ಲಿ ಲಿವರ್ ಮತ್ತು ಸ್ನಾಯುವಿನ ಕೋಶಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತು ಕೇಳೋದು ಕಮ್ಮಿಯಾಗುತ್ತದೆ. ನನ್ನ 7.2 ಬರೀ ಬ್ಯಾಕ್ಟೀರಿಯಾದಿಂದ ಬಂತು ಅಂತ ನಾನು ಹೇಳಲ್ಲ. ಬಿಳಿ ಅನ್ನ, ಬ್ರೆಡ್ಡು, ಕೂತ ಕೆಲಸ ಎಲ್ಲಾ ಸೇರಿಕೊಂಡಿತ್ತು. ಆದರೆ ಆ ಅನ್ನ, ಬ್ರೆಡ್ಡು ಒಳಗೆ ಬಂದದ್ದು ಕಾಳು ಸೊಪ್ಪು ಬಿಟ್ಟ ಜಾಗದಲ್ಲೇ.

ಹಾಗಾಗಿ ಯಾವ ಕ್ಯಾಪ್ಸೂಲ್ ಅನ್ನೋ ಪ್ರಶ್ನೆಯನ್ನೇ ಬಿಡಿ. ಹಿಪ್ಪುನೇರಳೆ ಸೊಪ್ಪು ಇಲ್ಲದ ಮನೆಗೆ ಹುಳು ತಂದು ಸಾಕಿದ ಹಾಗೆ ಅದು. ಆಂಟಿಬಯೋಟಿಕ್ ತಗೊಂಡವರಿಗೆ ಪ್ರೊಬಯಾಟಿಕ್ ಕೊಟ್ಟು ನೋಡಿದಾಗ ಅವರ ಸ್ವಂತ ಬ್ಯಾಕ್ಟೀರಿಯಾಗಳು ಮರಳೋದು ಇನ್ನೂ ತಡವಾಯಿತು ಅಂತ 2018ರಲ್ಲಿ ಇಸ್ರೇಲಿನ ಸಂಶೋಧಕರು ವರದಿ ಮಾಡಿದರು. ಅದೇ ವರ್ಷ ಚೀನಾದವರು ಸಕ್ಕರೆ ಕಾಯಿಲೆಯವರಿಗೆ ನಾರು ಜಾಸ್ತಿ ಇರುವ ಬಗೆಬಗೆಯ ಊಟ ಕೊಟ್ಟು, ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಹೆಚ್ಚಿದಂತೆ ಮೂರು ತಿಂಗಳ ಶುಗರ್ ಚೆನ್ನಾಗಿ ಇಳಿದದ್ದನ್ನು ತೋರಿಸಿದರು. ಕ್ಯಾಪ್ಸೂಲ್ ದುಡ್ಡಿಗೆ ಹುರುಳಿ ತನ್ನಿ.

ಆದರೆ ನನ್ನ ಹಾಗೆ ಒಂದೇ ಸಲಕ್ಕೆ ನುಗ್ಗಬೇಡಿ. ಮೊದಮೊದಲು ದಿನಕ್ಕೆ ಬರೀ ಒಂದು ಹಿಡಿ ಬೆಂದ ಕಾಳು. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಮೆತ್ತಗೆ ಬೇಯಿಸಿ. ಆ ಸಕ್ಕರೆಗಳು ಒಂದಷ್ಟು ನೆನೆದ ನೀರಿಗೇ ಹೋಗುತ್ತವೆ. ಮೊಳಕೆ ಬಂದರೆ ಇನ್ನೂ ಕಮ್ಮಿ. ಕೆಲವು ವಾರದಲ್ಲಿ ಹೊಟ್ಟೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹೆಚ್ಚಿಸಿ. ಹಿತಕಿದ ಅವರೆ ರುಚಿ, ನನಗೂ ಪ್ರಾಣ, ಆದರೆ ಸಿಪ್ಪೆಯ ಜೊತೆ ನಾರೂ ಹೋಗಿರುತ್ತದೆ. ಸಿಪ್ಪೆ ಇರೋ ಕಾಳನ್ನೇ ಹೆಚ್ಚಾಗಿ ತಿನ್ನಿ. ಸೊಪ್ಪಿನಲ್ಲಿ ನನ್ನ ಮತ ಬೆರಕೆ ಸೊಪ್ಪಿಗೆ. ದಂಟು, ಅಣ್ಣೆ, ಹೊನಗೊನ್ನೆ ಎಲ್ಲಾ ಒಂದೇ ಪಾತ್ರೆಗೆ ಬೀಳುತ್ತವೆ. ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆ ಬೇರೆ ನಾರು ಬೇಕಲ್ವಾ?

ರಾಗಿ ಬಗ್ಗೆ ನಮ್ಮ ಕಡೆ ಒಂದು ಕುರುಡು ನಂಬಿಕೆ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದು ನಿಜ. ಆದರೆ ಹಿಟ್ಟು ನುಣ್ಣಗೆ ಬೀಸಿ, ಜರಡಿ ಹಿಡಿದು, ದಪ್ಪ ದಪ್ಪ ಎರಡು ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟಂತೂ ಬೇಡವೇ ಬೇಡ. ಮುದ್ದೆ ಸಣ್ಣದಿರಲಿ, ಸಾರಿನಲ್ಲಿ ಕಾಳು ಸೊಪ್ಪು ಗಟ್ಟಿಯಾಗಿರಲಿ.

ಕರುಳು ಸರಿಹೋದರೆ ಶುಗರ್ ತಾನಾಗಿ ಹೋಗುತ್ತಾ ಅಂತಲೂ ಕೇಳಿದ್ದೀರಿ. ಇಲ್ಲ. ಅಮೆರಿಕದಲ್ಲಿ ಬಾರ್ಡರ್‌ನಲ್ಲಿದ್ದವರ ಮೇಲೆ ಮಾಡಿದ ದೊಡ್ಡ ಅಧ್ಯಯನ 2002ರಲ್ಲಿ ಬಂತು. ತೂಕ ಶೇ. 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರೋದು ಶೇ. 58ರಷ್ಟು ಕಮ್ಮಿಯಾಯಿತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಶೇ. 31. ನೀವು ಇನ್ನೂ ಬಾರ್ಡರ್‌ನಲ್ಲಿದ್ದೀರಿ, ನಿಮ್ಮ ಕೈಯಲ್ಲಿ ಇದೆಲ್ಲಾ ಇದೆ. ಊಟ ಆದ ಮೇಲೆ ಕೂರಬೇಡಿ, ಸ್ವಲ್ಪ ಹೊತ್ತು ಓಡಾಡಿ.

ನನಗೆ ಈಗ ಮಾತ್ರೆಯೂ ಇದೆ, ಕಾಳೂ ಇದೆ, ಸಂಜೆ ನಡಿಗೆಯೂ ಇದೆ. 6.6ಕ್ಕೆ ಬಂದಿದೆ. ಮುಂದೆ ನಿಮಗೂ ಮೆಟ್‌ಫಾರ್ಮಿನ್ ಬರೆದುಕೊಟ್ಟರೆ ಶುರುವಿನಲ್ಲಿ ಗ್ಯಾಸ್, ಭೇದಿ ಆಗಬಹುದು. ಆಗ ಮತ್ತೆ ಕಾಳನ್ನು ದೂರಬೇಡಿ, ಮಾತ್ರೆಯನ್ನು ಸುಮ್ನೆ ನಿಲ್ಲಿಸಲೂಬೇಡಿ. ಊಟದ ಜೊತೆ ತಗೊಳ್ಳಿ, ನಿಧಾನಕ್ಕೆ ಕರಗುವ ಮಾತ್ರೆ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಇದು ಬರೀ ಗ್ಯಾಸ್ ಅಲ್ಲ, ಅವತ್ತೇ ತೋರಿಸಿ.