ಊರಾಚೆ ಮನೆ ಕಟ್ಟಿದರೆ ಸಾಕೇ?

ಪ್ರಶ್ನೆ: ನಗರ ಬೆಳೆಯುತ್ತಿದೆ, ಬಾಡಿಗೆ ಕೈಗೆಟುಕುತ್ತಿಲ್ಲ. ಊರಾಚೆ ಅಗ್ಗಕ್ಕೆ ಜಾಗ ಸಿಗುವಾಗ ಬಡವರಿಗೆ ಅಲ್ಲೇ ಮನೆ ಕಟ್ಟಿಕೊಡಬಹುದಲ್ವಾ?

ಉತ್ತರ: ಕಟ್ಟಬಹುದು. ಆದರೆ ಜನ ಅಲ್ಲಿ ಉಳಿಯಬೇಕಲ್ಲ! ಮೆಕ್ಸಿಕೋದಲ್ಲಿ 2000ದ ನಂತರ ಹೀಗೇ ಮಾಡಿದರು. ಊರಿನಿಂದ ಬಹಳ ದೂರದಲ್ಲಿ ಸಾಲು ಸಾಲು ಮನೆ ಎದ್ದವು. ಕೆಲಸಕ್ಕೆ ಹೋಗಿಬರಲು ಗಂಟೆಗಟ್ಟಲೆ ಬೇಕು, ದುಡಿದ ದುಡ್ಡು ಬಸ್ಸಿಗೇ ಸರಿಹೋಗುತ್ತದೆ. ಕೊನೆಗೆ ಲಕ್ಷಾಂತರ ಮನೆಗಳು ಖಾಲಿ ಬಿದ್ದವು. ಎಷ್ಟೋ ಮನೆಗಳಲ್ಲಿ ಬಾಗಿಲು, ಕಿಟಕಿ, ವೈರು ಕೂಡ ಉಳಿಯಲಿಲ್ಲ. ನಗರ ಯೋಜನೆಯ ಕೆಲಸದಲ್ಲಿರುವ ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಡಾವಣೆಯ ನಕ್ಷೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ನೀರಿನ ಪೈಪು, ಚರಂಡಿ, ಬಸ್ ನಿಲ್ದಾಣ ಎಲ್ಲಿವೆ ಅಂತ. ಮನೆಯ ಕಂತು, ಓಡಾಟದ ಖರ್ಚು ಎರಡನ್ನೂ ಕೂಡಿಸಿ ನೋಡಿ. ಆಗ ಊರೊಳಗಿನ ದುಬಾರಿ ಜಾಗವೂ ಅಷ್ಟೇನೂ ದುಬಾರಿ ಅನ್ನಿಸುವುದಿಲ್ಲ.

ಇನ್ನು ಜಾಗದ ವಿಷಯ. ರಸ್ತೆ ಬಂದ ಮೇಲೆ ಕೊಳ್ಳಲು ಹೋದರೆ ಬೆಲೆ ಕೈಮೀರಿರುತ್ತದೆ. ಅದಕ್ಕೇ ಸರ್ಕಾರ ಮೊದಲೇ ಜಾಗ ಹಿಡಿದಿಡಬೇಕು. ಸಿಂಗಪುರ 1960ರಲ್ಲಿ ವಸತಿ ಮಂಡಳಿ ಶುರುಮಾಡಿ, 1966ರಲ್ಲಿ ಭೂಸ್ವಾಧೀನ ಕಾನೂನು ತಂದು ಜಾಗ ಕೂಡಿಟ್ಟಿತು. ಜತೆಗೆ, ಸೈಟಿನ ಕನಿಷ್ಠ ಅಳತೆಯ ನಿಯಮವನ್ನೂ ಸಡಿಲಿಸಬೇಕು. ಸೈಟು ಸುಮ್ನೆ ದೊಡ್ಡದಿದ್ದರೆ ಬಡವರಿಗೆ ಅದು ನಿಲುಕುವುದೇ ಇಲ್ಲ.