ಗಾಡಿ ಕೇಳಿ–ಹೇಳಿ: ಶಾರ್ಜಾದ ಭಾವ ಕಳಿಸುವ 20 ಇಂಚಿನ ಚಕ್ರ

ಪ್ರಶ್ನೆ: ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ತಂದಿದ್ದೇನೆ. ಎರಡನೇ ತಲೆಮಾರಿನದು, ಕ್ವಾಟ್ರೋ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಮಾದರಿ). ಈಗ ಇರುವುದು 18 ಇಂಚಿನ ಚಕ್ರ, ಒಳಬದಿಯಲ್ಲಿ 9ಜೆ, ಇಟಿ52 ಎಂದು ಬರೆದಿದೆ. ಟೈರ್ 245/40 ಆರ್18. ಶಾರ್ಜಾದಲ್ಲಿರುವ ಭಾವ 20 ಇಂಚಿನ ಅಲಾಯ್ ಸೆಟ್ ಕಳಿಸುತ್ತೇನೆ ಎನ್ನುತ್ತಾರೆ. 10ಜೆ, ಇಟಿ35, ಪಿಸಿಡಿ 5×112, ನಡುವಿನ ತೂತು 66.6 ಮಿ.ಮೀ., ಟೈರ್ 275/30 ಆರ್20. ಬೋಲ್ಟಿನ ತೂತು ಹೊಂದುತ್ತದೆ ಎಂದಮೇಲೆ ಹಾಕಬಹುದಲ್ವಾ?
— ಓದುಗರು, ಬದಿಯಡ್ಕ

ಉತ್ತರ: ಭಾವನವರಿಗೆ ಇವತ್ತೇ ಫೋನ್ ಮಾಡಿ ಮಾರಾಯರೇ. ಸಾಮಾನು ಹಡಗು ಹತ್ತಿದ ಮೇಲೆ ಬೇಡ ಎನ್ನುವುದು ಕಷ್ಟ.

ಪಿಸಿಡಿ 5×112 ಅಂದರೆ 112 ಮಿ.ಮೀ. ವ್ಯಾಸದ ವೃತ್ತದಲ್ಲಿ 5 ಬೋಲ್ಟ್. ಅದು ಹೊಂದಿದರೆ ಚಕ್ರ ಹಬ್ (ಚಕ್ರವನ್ನು ಬೋಲ್ಟ್ ಹಾಕಿ ಬಿಗಿಯುವ ಕಾರಿನ ಭಾಗ) ಮೇಲೆ ಕೂರುತ್ತದೆ, ಅಷ್ಟೇ. ಅದೂ ನಿಮ್ಮದು ಎರಡನೇ ತಲೆಮಾರಿನ ಟಿಟಿ ಆದ್ದರಿಂದ. ಮೊದಲನೇ ತಲೆಮಾರಿನದಕ್ಕೆ 5×100. ಟಿಟಿ ಚಕ್ರ ಎಂದು ಯಾರಾದರೂ ಮಾರಲು ಬಂದರೆ ಯಾವ ಟಿಟಿ ಎಂದು ಕೇಳಿಯೇ ದುಡ್ಡು ಕೊಡಿ.

ಮೊದಲು ಎತ್ತರ ನೋಡೋಣ. 245/40 ಆರ್18 ಅಂದರೆ ಅಗಲ 245 ಮಿ.ಮೀ. ಟೈರಿನ ಪಕ್ಕೆಯ ಎತ್ತರ ಅದರ ನೂರಕ್ಕೆ 40, ಅಂದರೆ 98. ಮೇಲೊಂದು ಪಕ್ಕೆ, ಕೆಳಗೊಂದು ಪಕ್ಕೆ, ನಡುವೆ 18 ಇಂಚು ಅಂದರೆ 457 ಮಿ.ಮೀ. ರಿಮ್. ಒಟ್ಟು 653. ಭಾವನವರ ಟೈರಿಗೂ ಇದೇ ಲೆಕ್ಕ ಹಾಕಿ: 82.5 ಎರಡು ಸಲ, ಮೇಲೆ 508. ಒಟ್ಟು 673 ಬರುತ್ತದೆ. 20 ಮಿ.ಮೀ. ಎತ್ತರ ಜಾಸ್ತಿ, ನೂರಕ್ಕೆ 3ರಷ್ಟು. ಚಕ್ರ ದೊಡ್ಡದಾದದ್ದು ಮೀಟರಿಗೆ ಗೊತ್ತಾಗುವುದಿಲ್ಲ. ಮೊದಲು 100 ಎಂದು ತೋರಿಸುತ್ತಿದ್ದ ವೇಗವನ್ನು ಇನ್ನು 97 ಎಂದು ತೋರಿಸುತ್ತದೆ. ಇಷ್ಟಕ್ಕೆ ಗಾಡಿ ಹಾಳಾಗುವುದಿಲ್ಲ. ಆದರೆ ಮಡ್‌ಗಾರ್ಡಿಗೆ ಟೈರ್ 10 ಮಿ.ಮೀ. ಹತ್ತಿರವಾಯಿತು, ಇದನ್ನು ನೆನಪಿಟ್ಟುಕೊಳ್ಳಿ.

ನಿಜವಾದ ತಕರಾರು ಇರುವುದು ಇಟಿಯಲ್ಲಿ. ರಿಮ್ಮಿನ ನಟ್ಟನಡುವಿನ ಗೆರೆಗೂ ಹಬ್‌ಗೆ ಒತ್ತಿ ಕೂರುವ ಮುಖಕ್ಕೂ ನಡುವಿನ ದೂರ ಅದು, ಮಿ.ಮೀ. ಲೆಕ್ಕದಲ್ಲಿ. ಅಂಕೆ ದೊಡ್ಡದಾದಷ್ಟೂ ಚಕ್ರ ಒಳಗೆ, ಚಿಕ್ಕದಾದಷ್ಟೂ ಹೊರಗೆ. 52ರಿಂದ 35ಕ್ಕೆ ಬಂದರೆ ಚಕ್ರ 17 ಮಿ.ಮೀ. ಹೊರಗೆ ಬಂತು. ಮೇಲಿಂದ 9 ಇಂಚು ಅಗಲದ (9ಜೆ) ರಿಮ್ 10 ಇಂಚು (10ಜೆ) ಆಯಿತು. ಆ ಒಂದು ಇಂಚು ಎರಡೂ ಬದಿಗೆ ಹಂಚಿದರೆ 12.7. ಹೊರಬದಿಗೆ ಕೂಡಿಸಿ: ಹೆಚ್ಚುಕಡಿಮೆ 30 ಮಿ.ಮೀ. ರಿಮ್ ಹೊರಗೆ ಬರುತ್ತದೆ. ಒಳಬದಿಯಲ್ಲಿ ಶಾಕ್ ಅಬ್ಸಾರ್ಬರ್ ಕಡೆಗೆ 4 ಮಿ.ಮೀ. ಜಾಗ ಜಾಸ್ತಿಯೇ ಸಿಗುತ್ತದೆ. ಹಾಗಾಗಿ ಜಾಕ್ ಮೇಲೆ ನಿಲ್ಲಿಸಿ ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಾಗುವುದಿಲ್ಲ. ಅಂಗಡಿಯವರು "ಫಿಟ್ ಆಯ್ತು" ಎನ್ನುವುದು ಈ ಹೊತ್ತಿಗೆ. ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಇಬ್ಬರು ಕೂತು ಹೋಗುವಾಗ, ತಿರುವಿನಲ್ಲಿ ಒಂದು ಗುಂಡಿಗೆ ಇಳಿದರೆ ಸ್ಪ್ರಿಂಗ್ ಪೂರ್ತಿ ಕುಗ್ಗುತ್ತದೆ. ಆಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ.

ನಡುವಿನ ತೂತಿಗೂ ಒಂದು ಮಾತು. ನಿಮ್ಮ ಹಬ್ 57.1 ಮಿ.ಮೀ., ಆ ರಿಮ್ಮಿನದು 66.6. ಈ ಸಂದಿಗೆ ಸರಿಯಾದ ರಿಂಗ್ ಹಾಕದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ, ವೇಗ ಏರಿದಾಗ ಸ್ಟೀರಿಂಗ್ ನಡುಗಬಹುದು. ನೀವು ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸೋಲುತ್ತೀರಿ. ಮತ್ತೆ ಬೋಲ್ಟ್. ಆಡಿಯ ಬೋಲ್ಟ್ ಕೂರುವ ಜಾಗ ಗುಂಡಗೆ. ಹೊರಗಿನ ಕಂಪನಿಗಳ ಅಲಾಯ್‌ಗಳಲ್ಲಿ ಅದು ಸಾಮಾನ್ಯವಾಗಿ ಕೊಳವೆ ಬಾಯಿಯ ಹಾಗೆ ಓರೆ. ಗುಂಡು ಬೋಲ್ಟನ್ನು ಓರೆ ತೂತಿಗೆ ಬಿಗಿದರೆ ಬಿಗಿಯಾದಂತೆ ಅನಿಸುತ್ತದೆ, ಆಮೇಲೆ ಸಡಿಲವಾಗುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಜೀವಕ್ಕೆ ಅಪಾಯ ಇರುವುದು ಇದೇ. ಆದರೆ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದ್ದು ಇಂಚು.

ಹಾಗಾದರೆ ಏನು ಹಾಕಬಹುದು? ದೊಡ್ಡದೇ ಬೇಕು ಎಂದಾದರೆ 19 ಇಂಚಿನ 9ಜೆ, ಇಟಿ52 ರಿಮ್, ಟೈರ್ 255/35 ಆರ್19. ಆಡಿಯವರೇ ಈ ಕಾರಿಗೆ ಕೊಟ್ಟಿದ್ದ ಅಳತೆ ಇದು. ಎತ್ತರ 661, ವ್ಯತ್ಯಾಸ ನೂರಕ್ಕೆ 1.2. ನನ್ನನ್ನು ಕೇಳಿದರೆ 18 ಇಂಚೇ ಇರಲಿ. ಬ್ರೇಕ್ ಕ್ಯಾಲಿಪರ್ ತಾಗದ ಹಾಗೆ ಕೂರುವ ಅತಿ ಚಿಕ್ಕ ರಿಮ್ಮೇ ಸ್ಪೋರ್ಟ್ಸ್ ಕಾರಿಗೆ ಒಳ್ಳೆಯ ರಿಮ್. ಮಾಜ್ದಾದ ಎಂಎಕ್ಸ್-5 ನೋಡಿ. ತಿರುವಿನಲ್ಲಿ ಓಡಿಸುವ ಖುಷಿಗೇ ಹೆಸರಾದ ಕಾರು ಅದು. ಈಗಿನ ತಲೆಮಾರಿನದಕ್ಕೆ ಕಂಪನಿಯವರು ಹಾಕುವ ಸಣ್ಣ ಅಳತೆ 195/50 ಆರ್16. ನಮ್ಮಲ್ಲಿ ಫ್ಯಾಮಿಲಿ ಕಾರಿನವರೂ ಅದನ್ನು ನೋಡಿ ಮೂಗು ಮುರಿದಾರು.

ಭಾರವೂ ಉಂಟು. ನಿಮ್ಮಲ್ಲಿ ಅಡಿಕೆ ತೂಗುವ ತಕ್ಕಡಿ ಇದ್ದೇ ಇರುತ್ತದಲ್ಲ? ಯಾವುದೇ ರಿಮ್ ಕೊಳ್ಳುವ ಮೊದಲು ಹಳೆಯದನ್ನೂ ಹೊಸದನ್ನೂ ಅದರಲ್ಲಿಟ್ಟು ನೋಡಿ. ಚಕ್ರದ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ. ಪ್ರತಿ ಹಂಪಿಗೂ ಆ ಭಾರವೇ ಮೇಲೆ ಕೆಳಗೆ ಕುಣಿಯುತ್ತದೆ. ಅಗ್ಗದ 20 ಇಂಚಿನ ರಿಮ್ ಹಾಕಿದ ಕಾರು ತಿರುವಿನಲ್ಲಿ ಮೊದಲಿಗಿಂತ ಮಂಕಾಗುವುದನ್ನು ನಾನು ಓಡಿಸಿ ನೋಡಿದ್ದೇನೆ.

ಕ್ವಾಟ್ರೋ ಆದ್ದರಿಂದ ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಮಾಡೆಲ್, ಸವೆತವೂ ಹೆಚ್ಚುಕಡಿಮೆ ಒಂದೇ ಇರಬೇಕು. ಮುಂದಿನ ಮತ್ತು ಹಿಂದಿನ ಚಕ್ರದ ಎತ್ತರದಲ್ಲಿ ವ್ಯತ್ಯಾಸ ಬಂದರೆ ಹಿಂದಿನ ಚಕ್ರಕ್ಕೆ ಬಲ ಕಳಿಸುವ ಹಾಲ್ಡೆಕ್ಸ್ ಕ್ಲಚ್ ನೇರ ರಸ್ತೆಯಲ್ಲೂ ಸುಮ್ನೆ ದುಡಿಯುತ್ತಾ ಇರಬೇಕಾಗುತ್ತದೆ. ಟೈರ್ ಬದಲಿಸುವಾಗ ಲೋಡ್ ಇಂಡೆಕ್ಸನ್ನೂ ನೋಡಿ. 93 ಎಂದರೆ ಒಂದು ಟೈರಿಗೆ 650 ಕೆ.ಜಿ., 97 ಎಂದರೆ 730. ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್ ಅಥವಾ ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಬೇಡಿ.

ಪ್ರಶ್ನೆ: ನನ್ನ ಮಗ ಪೋಲೋ ಜಿಟಿ ಕಾರಿಗೆ ಸ್ಪೇಸರ್ (ಹಬ್‌ಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕಿ ಚಕ್ರ ಹೊರಗೆ ಬರುವಂತೆ ಮಾಡಬೇಕು ಎನ್ನುತ್ತಾನೆ. ಪೊಲೀಸರು ಹಿಡಿಯುವುದಿಲ್ಲವೇ? ತಲಪಾಡಿ ದಾಟಿದರೆ ಯಾರೂ ಕೇಳುವುದಿಲ್ಲ ಎಂದು ಅವನ ವಾದ.
— ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಮೋಟಾರು ವಾಹನ ಕಾಯ್ದೆ ಕೇಂದ್ರದ್ದು ಅಮ್ಮಾ, ತಲಪಾಡಿಯ ಆಚೆಗೂ ಈಚೆಗೂ ಅದೇ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ ಅದರ 52ನೇ ಸೆಕ್ಷನ್. ಕೇರಳದಿಂದ ಹೋದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಚಕ್ರ ನಮ್ಮ ಕಡೆಯ ಎಂವಿಡಿ (ಮೋಟಾರು ವಾಹನ ಇಲಾಖೆ)ಯವರ ಕಣ್ಣಿಗೆ ದೂರದಿಂದಲೇ ಬೀಳುತ್ತದೆ.

ಮಗನಿಗೆ ಬೇಕಾದ್ದು ಚಂದವೇ ಹಿಡಿತವೇ ಎಂದು ಕೇಳಿ. ಹಿಡಿತ ಆದರೆ ಸ್ಪೇಸರ್‌ನಿಂದ ಸಿಗುವುದಿಲ್ಲ. 15 ಮಿ.ಮೀ. ಸ್ಪೇಸರ್ ಅಂದರೆ ಇಟಿ 15 ಕಡಿಮೆ ಮಾಡಿದ ಹಾಗೆ, ಬೇರಿಂಗಿಗೆ ಎಳೆತ ಜಾಸ್ತಿ. ಬೋಲ್ಟೂ ಅಷ್ಟೇ ಉದ್ದದ್ದು ಬೇಕು. ಹಳೆಯ ಬೋಲ್ಟನ್ನೇ ನಾಲ್ಕು ಸುತ್ತು ಹಿಡಿಸಿ ಕಳಿಸುವವರೂ ಇದ್ದಾರೆ. ಈಗಿನ ಟೈರ್ 185/60 ಆರ್15 ಆದರೆ, ಅದೇ ರಿಮ್ಮಿಗೆ 195/55 ಆರ್15 ಒಳ್ಳೆಯ ಕಂಪನಿಯದ್ದು ಹಾಕಿಸಲಿ. ಎತ್ತರದ ವ್ಯತ್ಯಾಸ ನೂರಕ್ಕೆ ಒಂದೂಕಾಲು ಮಾತ್ರ. ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಪ್ರಶ್ನೆ: ಬಿಎಂಡಬ್ಲ್ಯು ಝಡ್4, ಇ89 ಮಾಡೆಲ್. ಮುಂದೆ 225/40 ಆರ್18, ಹಿಂದೆ 255/35 ಆರ್18. ಹಿಂದಿನ ಟೈರ್ ಬೇಗ ಸವೆಯುತ್ತಿದೆ. ಮುಂದಿನದನ್ನು ಹಿಂದಕ್ಕೆ ಹಾಕಬಹುದೇ?
— ಓದುಗರು, ಕಾಞಂಗಾಡ್

ಉತ್ತರ: ಆಗುವುದಿಲ್ಲ. ಎತ್ತರ ಒಂದೂವರೆ ಮಿ.ಮೀ. ಅಷ್ಟೇ ವ್ಯತ್ಯಾಸ, ಆದರೆ ಹಿಂದಿನ ರಿಮ್ಮೇ ಅಗಲ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇಲ್ಲದಿದ್ದರೆ ಎಡ ಬಲ ಬದಲಿಸಬಹುದು. ಸವೆತ ಒಳ ಅಂಚಿನಲ್ಲೇ ಜಾಸ್ತಿ ಇದ್ದರೆ ಹಿಂದಿನ ಕ್ಯಾಂಬರ್ (ಚಕ್ರ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ನೋಡಿಸಿ. ಮುಂದಿನದನ್ನು ಮಾತ್ರ ನೋಡಿ "ಅಲೈನ್‌ಮೆಂಟ್ ಸರಿ ಉಂಟು" ಎಂದರೆ ಒಪ್ಪಬೇಡಿ.

ಮಳೆಗಾಲದ ಮೊದಲು ಹಿಂದಿನ ಎರಡು ಬದಲಿಸಿ. ಕಾನೂನಿಗೆ 1.6 ಮಿ.ಮೀ. ಗೀರು ಸಾಕು. ನಾನು 3ಕ್ಕೇ ಬದಲಿಸಿ ಎನ್ನುತ್ತೇನೆ. ಅಗಲ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ಜೂನ್‌ನಲ್ಲಿ ನಮ್ಮ ಹೈವೇ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ನಿಮ್ಮದರಲ್ಲಿ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಇದ್ದರೆ ಮಾಮೂಲಿ ಟೈರಿಗೆ ಬದಲಾಗುವ ಮೊದಲು ಯೋಚಿಸಿ. ಸ್ಟೆಪ್ನಿ ಇಲ್ಲದ ಕಾರು ಅದು.

ಪ್ರಶ್ನೆ: ಗಲ್ಫಿನಿಂದ ಬಂದ ಟೈರ್ ಹೊಸದೋ ಹಳೆಯದೋ ತಿಳಿಯುವುದು ಹೇಗೆ?
— ಓದುಗರು, ಉಪ್ಪಳ

ಉತ್ತರ: ಪಕ್ಕೆಯ ಮೇಲೆ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ 4 ಅಂಕೆ ಓದಿ. 2319 ಎಂದಿದ್ದರೆ 2019ರ 23ನೇ ವಾರ ಮಾಡಿದ್ದು. ಬಿಸಿಲಿನಲ್ಲಿ ಕೂತ ರಬ್ಬರ್ ಗೀರು ಪೂರ್ತಿ ಇದ್ದರೂ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ನಾಲ್ಕನ್ನೂ ಬೇರೆ ಬೇರೆ ನೋಡಿ, ಸೆಟ್ ಎಂದು ಮಾರಿದ್ದರಲ್ಲಿ ಎಲ್ಲದರ ತಾರೀಕು ಒಂದೇ ಇರಬೇಕೆಂದಿಲ್ಲ. ಕೆಲವು ಟೈರಿನಲ್ಲಿ ತಾರೀಕು ಒಂದೇ ಬದಿಯಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಬಗ್ಗಿ ಒಳಬದಿ ನೋಡಿ.